ಗೆಣ್ಣಿಲ್ಲದ ಎಲೆ

ಕನ್ನಡಕದಂಗಡಿಗೆ ಬಂದವರೆಲ್ಲ ಮೊದಲು ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಳ್ಳುತ್ತಾರೆ, ಆಮೇಲೆ ಅಂಗಡಿಯವಳನ್ನು ನೋಡುತ್ತಾರೆ. ಇವನೊಬ್ಬ ಬಾಗಿಲಲ್ಲೇ ನಿಂತು ಅವಳ ಗಿಡ ನೋಡಿದ.

ಗಿಡವೂ ನೋಡುವ ಹಾಗೇ ಇತ್ತು ಅನ್ನಿ. ಕಿಟಕಿಯ ಮೂಲೆಯ ಕುಂಡದಿಂದ ಎದ್ದು, ಫ್ರೇಮುಗಳ ಕಪಾಟಿಗೆ ಕೈ ಚಾಚಿ ಮೇಲೇರಿದ್ದ ಮಾನ್‌ಸ್ಟೆರಾ ಬಳ್ಳಿ. ಮೊರದಗಲದ ಎಲೆಗಳು, ಎಲೆಯ ತುಂಬಾ ಹಸಿರಿನ ಮೇಲೆ ಸುಣ್ಣ ಎರಚಿದಂತೆ ಬಿಳಿ. ಅಂಗೈಯಷ್ಟಿದ್ದಾಗ ತಂದು ನಾಲ್ಕು ವರ್ಷ ಸಾಕಿದ್ದಳು. ಅಪ್ಪ ಅದಕ್ಕೆ ‘ಅಳಿಯಂದಿರು’ ಎಂದು ಹೆಸರಿಟ್ಟಿದ್ದ. ಮಗಳು ಅಳಿಯನನ್ನು ತರುತ್ತಾಳೆ ಅಂತ ಕಾದರೆ ಬಳ್ಳಿ ತಂದಳಲ್ಲ ಎಂಬ ಸಿಟ್ಟಿಗೆ.

ಬಂದವನ ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಮುರಿದಲ್ಲಿ ಹಸಿರು ಟೇಪು ಸುತ್ತಿದ್ದ. ಅದು ಗಿಡಗಳಿಗೆ ಕಸಿ ಕಟ್ಟುವ ಟೇಪು.

“ಕೂತ್ಕೊಳ್ಳಿ,” ಎಂದಳು.

“ಅದಕ್ಕೊಂದು ಕಂಬ ಬೇಕಲ್ವಾ?” ಎಂದ ಅವನು.

“ಯಾವುದಕ್ಕೆ?”

“ಬಳ್ಳಿಗೆ. ಪಾಪ, ಕಪಾಟು ಹಿಡ್ಕೊಂಡು ನೇತಾಡ್ತಿದೆ.”

“ನಾಲ್ಕು ವರ್ಷದಿಂದ ಹೀಗೇ ನೇತಾಡ್ಕೊಂಡು ಚೆನ್ನಾಗಿದೆ. ನಿಮ್ಮ ಕಡ್ಡಿಗಿಂತ ಗಟ್ಟಿಯಾಗಿದೆ. ಕೂತ್ಕೊಳ್ಳಿ.”

ಕೂತ. ಊರಾಚೆಯ ನರ್ಸರಿಯಲ್ಲಿ ಅಕ್ಕನ ಜೊತೆ ಕೆಲಸವಂತೆ. ಒಂದು ಗಿಡವನ್ನು ಕತ್ತರಿಸಿ ನೂರು ಮಾಡುವುದು ಅವನ ಕಸುಬಂತೆ. ಕಣ್ಣಿನ ಪಾಪೆಗಳ ನಡುವಿನ ಅಂತರ ಅಳೆಯಲು ಅವಳು ಪಟ್ಟಿಯನ್ನು ಅವನ ಹುಬ್ಬಿನ ಕೆಳಗೆ ಹಿಡಿದು, ಒಂದು ಕಣ್ಣು ಮುಚ್ಚಿ, “ನನ್ನ ಎಡಗಣ್ಣನ್ನೇ ನೋಡಿ,” ಎಂದಳು. ಅವನ ದೃಷ್ಟಿ ಅವಳ ಭುಜ ದಾಟಿ ಹಿಂದಕ್ಕೆ ಹೋಯಿತು.

“ಅದು ಗಿಡ. ನನ್ನ ಕಣ್ಣು ಇಲ್ಲಿದೆ.”

ಅವನ ಕಿವಿ ಕೆಂಪಾಯಿತು. ಆಮೇಲೆ ನೋಡಿದ. ಒಂದು ಗೇಣು ದೂರದಿಂದ, ಹೇಳಿದ ಮಾತು ಕೇಳುವ ಮನುಷ್ಯನ ಹಾಗೆ, ಅಲುಗಾಡದೆ ಅವಳ ಎಡಗಣ್ಣನ್ನೇ ನೋಡಿದ. ಇಂಥ ಸಾವಿರ ಕಣ್ಣುಗಳನ್ನು ಇಷ್ಟೇ ಹತ್ತಿರದಿಂದ ನೋಡಿ ಅಳತೆ ಬರೆದುಕೊಂಡವಳು ಅವಳು. ಈ ಸಲ ಪಟ್ಟಿ ಕೆಳಗಿಳಿಸಿದಾಗ ಅಂಕಿ ನೆನಪಿರಲಿಲ್ಲ. ಎರಡನೇ ಸಲ ಅಳೆದಳು.

“ಮೊದಲನೇ ಸಲ ತಪ್ಪಾಯ್ತಾ?”

“ನನ್ನ ಅಳತೆ ತಪ್ಪಲ್ಲ.”

“ಮತ್ತೆ?”

“ಅರವತ್ತಮೂರು,” ಎಂದು ಬರೆದುಕೊಂಡಳು. ಅದು ಅವನ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

ಮೂರನೇ ದಿನಕ್ಕೆ ಕನ್ನಡಕ ಸಿದ್ಧವಾಯಿತು. ಹಿಂದಿನ ಕೋಣೆಯಲ್ಲಿ ಲೆನ್ಸು ಉಜ್ಜುವ ಅಪ್ಪ ಅದನ್ನು ಒರೆಸಿ ಕೊಡುತ್ತಾ, “ನಿನ್ನ ಟೇಪಿನವನ ಹಳೇ ನಂಬರು ನೋಡಿದ್ಯಾ? ಇಷ್ಟು ವರ್ಷ ಪ್ರಪಂಚಾನ ಅಂದಾಜಿನ ಮೇಲೆ ನೋಡಿದ್ದಾನೆ,” ಎಂದ.

ಟೇಪಿನವನಿಗೆ ಅವಳೇ ಕನ್ನಡಕ ಹಾಕಿದಳು. ಕಿವಿಯ ಹಿಂದೆ ಕಡ್ಡಿ ಸರಿಯಾಗಿ ಕೂತಿದೆಯೇ ಎಂದು ಬೆರಳಿನಿಂದ ನೋಡಿದಳು. ಅವನು ಅಭ್ಯಾಸಬಲದಿಂದ ಮೊದಲು ಬಳ್ಳಿಯತ್ತ ತಿರುಗಿದ. ಎಲೆಯ ಮೇಲಿನ ಸಾಸಿವೆಯಷ್ಟು ಚುಕ್ಕಿಗಳೆಲ್ಲ ಕಂಡಿರಬೇಕು, ಬಾಯಿ ಬಿಟ್ಟುಕೊಂಡು ನಿಂತ. ಆಮೇಲೆ ಅವಳತ್ತ ತಿರುಗಿದ. ಬಾಯಿ ಹಾಗೇ ಇತ್ತು.

“ಕಾಣ್ತಿದೆಯಾ?”

“ಕಾಣ್ತಿದೆ.”

“ಸ್ಪಷ್ಟವಾಗಿ?”

“ಇಷ್ಟು ಸ್ಪಷ್ಟವಾಗಿರ್ತೀರಿ ಅಂತ ಗೊತ್ತಿದ್ರೆ ಮೊನ್ನೆನೇ ತಲೆ ಬಾಚ್ಕೊಂಡು ಬರ್ತಿದ್ದೆ.”

ಅವಳಿಗೆ ನಗು ತಡೆಯಲಾಗಲಿಲ್ಲ. ಖುಷಿಯಾದರೆ ಅವಳ ಕೈ ಸುಮ್ಮನಿರುವುದಿಲ್ಲ, ಏನಾದರೂ ಕೊಡಲೇಬೇಕು. ಮೇಜಿನ ಕತ್ತರಿ ತೆಗೆದುಕೊಂಡು, ಕುರ್ಚಿ ಹತ್ತಿ, ಬಳ್ಳಿಯಲ್ಲೇ ಚೆಂದದ ಎಲೆಯನ್ನು ತೊಟ್ಟಿನ ಬುಡದಲ್ಲಿ ಕಚಕ್ಕನೆ ಕತ್ತರಿಸಿದಳು. ಅರ್ಧ ಹಸಿರು, ಅರ್ಧ ಬಿಳಿ, ನಡುವೆ ಗೆರೆ ಎಳೆದಂತೆ ಇದ್ದ ಎಲೆ.

“ತಗೊಳ್ಳಿ. ನೀರಲ್ಲಿಡಿ. ಬೇರು ಬಿಡುತ್ತೆ, ಆಮೇಲೆ ಚಿಗುರುತ್ತೆ. ಮನಿಪ್ಲಾಂಟ್ ಎಷ್ಟು ಮಾಡಿದ್ದೀನಿ ಗೊತ್ತಾ? ನನ್ನ ಕೈಗುಣ ಅಂಥದ್ದು.”

ಅವನು ತೊಟ್ಟಿನ ತುದಿ ನೋಡಿದ. ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ. ಕೃತಜ್ಞತೆಗೆ ಮಾತು ಹೊರಡುತ್ತಿಲ್ಲ ಎಂದು ಅವಳು ತಿಳಿದುಕೊಂಡಳು.

“ಜೋಪಾನ ಮಾಡ್ತೀನಿ,” ಎಂದ. ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಹೋದ.

ಅಂಗಡಿ ಮುಚ್ಚುವಾಗ ಅಪ್ಪ ಕೇಳಿದ, “ಅಳಿಯಂದಿರ ಕಿವಿ ಕತ್ತರಿಸಿ ಕೊಡೋವಷ್ಟು ಏನಾಯ್ತೇ?”

“ಇವರು ಸರಿ ಅನ್ನಿಸ್ತು.”

“ಹಿಂದೆನೂ ಒಬ್ಬ ಸರಿ ಅನ್ನಿಸಿದ್ದ.”

ಅದು ನಿಜ. ಹಿಂದೊಮ್ಮೆ ಒಬ್ಬನಿಗೆ ವಾರದಲ್ಲೇ ಹೂಂ ಎಂದು, ಆರು ತಿಂಗಳಲ್ಲಿ ಉಹೂಂ ಎಂದಿದ್ದಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಅಪ್ಪ ಆ ವರ್ಷವಿಡೀ ಊಟದ ಜೊತೆ ಬಡಿಸಿದ್ದ.

“ಹೊಸ ಕನ್ನಡಕ ಹಾಕ್ಕೊಂಡ ತಕ್ಷಣ ಮೆಟ್ಟಿಲಿಳೀಬೇಡಿ ಅಂತ ಬಂದೋರಿಗೆಲ್ಲ ಹೇಳ್ತೀಯ,” ಎಂದ ಅಪ್ಪ. “ಕಣ್ಣು ಹೊಂದ್ಕೊಳ್ಳೋಕೆ ಒಂದಷ್ಟು ದಿನ ಬೇಕು ಅಂತೀಯ. ನಿನಗೆ ನೀನೇ ಹೇಳ್ಕೊ.”

“ಸರಿ. ಆ ಎಲೆ ಚಿಗುರಲಿ. ಅದರಲ್ಲಿ ಹೊಸ ಎಲೆ ಬಿಚ್ಚಿದ ದಿನ ನಾನೇ ಹೋಗಿ ಹೇಳ್ತೀನಿ. ಅಲ್ಲೀವರೆಗೂ ಬಾಯಿ ಬಿಡಲ್ಲ.”

“ಚಿಗುರದೇ ಇದ್ರೆ?”

“ನಾನು ಕೊಟ್ಟಿದ್ದು ಚಿಗುರದೇ ಇರುತ್ತಾ ಅಪ್ಪಾ?”

ಮುಂದಿನ ಗುರುವಾರ ಅವನು ಬಂದ. ಕನ್ನಡಕದ ಸ್ಕ್ರೂ ಸಡಿಲವಾಗಿದೆಯಂತೆ. ಬಿಗಿ ಮಾಡಿ ಕೊಟ್ಟಳು. ಅದರ ಮುಂದಿನ ಗುರುವಾರ ಅದೇ ಸ್ಕ್ರೂ. ಮೂರನೇ ಗುರುವಾರ ಭೂತಗನ್ನಡಿ ಹಿಡಿದು ನೋಡಿದಳು. ಸ್ಕ್ರೂ ತಲೆಯ ಮೇಲೆ ಗೀರುಗಳು. ಯಾರೋ ದಪ್ಪ ತುದಿಯ ಚಾಕುವಿನಿಂದ ತಿರುಗಿಸಿ ಸಡಿಲ ಮಾಡಿದ್ದರು, ಗೀರಿನಲ್ಲಿ ಮಣ್ಣಿನ ಕಣ ಬೇರೆ ಇತ್ತು. ಕಳ್ಳನಿಗೊಂದು ಪಿಳ್ಳೆ ನೆವ ಎಂದುಕೊಂಡು, ಏನೂ ಕಾಣದವಳಂತೆ ಬಿಗಿ ಮಾಡಿ ಕೊಟ್ಟಳು. ಆ ದಿನ ಇಡೀ ಮಧ್ಯಾಹ್ನ ಒಳಗೊಳಗೇ ಹಾಡಿಕೊಂಡಳು.

“ಚಿಗುರಿತಾ?” ಎಂದು ಪ್ರತಿ ಗುರುವಾರ ಕೇಳುತ್ತಿದ್ದಳು.

“ಎಲೆ ಚೆನ್ನಾಗಿದೆ,” ಎನ್ನುತ್ತಿದ್ದ.

ಎರಡು ತಿಂಗಳಾದ ಮೇಲೆ, “ಬೇರು ಬಂದಿದೆ,” ಎಂದ. ಅವಳು ಗೆದ್ದವಳಂತೆ ಒಳಕೋಣೆಯತ್ತ ತಿರುಗಿ, “ಕೇಳಿಸ್ತಾ ಅಪ್ಪಾ?” ಎಂದು ಕೂಗಿದಳು. ಅವನು ತಲೆ ತಗ್ಗಿಸಿ ಕನ್ನಡಕ ಒರೆಸಿದ.

ಭಾನುವಾರ ಅಂಗಡಿಗೆ ರಜೆ. ಅಂಥ ಒಂದು ಭಾನುವಾರ ಅವನು ನಾರು ಸುತ್ತಿದ ಕಂಬವೊಂದನ್ನು ಹೆಗಲ ಮೇಲೆ ಹೊತ್ತು ತಂದ. ಇಬ್ಬರೂ ಸೇರಿ ಬಳ್ಳಿಯನ್ನು ಕಪಾಟಿನಿಂದ ಬಿಡಿಸಿದರು. ಅವನು ಕಾಂಡವನ್ನು ಕಂಬಕ್ಕೆ ಒತ್ತಿ ಹಿಡಿದ, ಅವಳು ಬಟ್ಟೆಯ ಪಟ್ಟಿ ಸುತ್ತಿ ಗಂಟು ಹಾಕಿದಳು.

“ಅಷ್ಟು ಬಿಗಿ ಬೇಡ,” ಎಂದು ಅವಳ ಗಂಟಿನ ಕೆಳಗೆ ತನ್ನ ಬೆರಳು ತೂರಿಸಿದ. “ಗಾಳಿಬೇರು ನಾರಿನೊಳಗೆ ಇಳಿಯೋವರೆಗೆ ಮಾತ್ರ ಈ ಕಟ್ಟು. ಆಮೇಲೆ ತಾನೇ ಹಿಡ್ಕೊಳ್ಳುತ್ತೆ.”

“ಹಿಡ್ಕೊಂಡಿದೆ ಅಂತ ಹೇಗೆ ಗೊತ್ತಾಗುತ್ತೆ?”

“ಕಟ್ಟು ಬಿಚ್ಚಿದ್ರೂ ಬೀಳಲ್ಲ.”

ಅವನ ಬೆರಳು ಇನ್ನೂ ಗಂಟಿನ ಕೆಳಗಿತ್ತು, ಅವಳ ಬೆರಳು ಗಂಟಿನ ಮೇಲಿತ್ತು. ಇಬ್ಬರೂ ಗಂಟನ್ನೇ ನೋಡುತ್ತಾ ನಿಂತರು. ಅಷ್ಟು ಹೊತ್ತು ನೋಡುವಂಥದ್ದು ಆ ಗಂಟಿನಲ್ಲಿ ಏನೂ ಇರಲಿಲ್ಲ.

“ಮುಂದಿನ ಎಲೆ ಹೇಗಿರುತ್ತೆ ಅಂತ ಎಲೆ ನೋಡಿ ಹೇಳೋಕಾಗಲ್ಲ,” ಎಂದ ಕೊನೆಗೆ. “ಕಾಂಡ ನೋಡ್ಬೇಕು. ಇಲ್ಲಿ ನೋಡಿ, ಬಿಳಿ ಗೆರೆ, ಹಸಿರು ಗೆರೆ ಎರಡೂ ಓಡಿವೆ. ಇದು ಒಳ್ಳೇ ಲಕ್ಷಣ. ಬರೀ ಬಿಳಿ ಆದ್ರೆ ಬಳ್ಳಿ ಉಪವಾಸ ಸಾಯುತ್ತೆ. ಬೆಳಕಲ್ಲಿ ದುಡಿದು ಹೊಟ್ಟೆಗೆ ಹಾಕೋದು ಹಸಿರು.”

“ಬಿಳಿ ಏನು ಮಾಡುತ್ತೆ ಹಾಗಾದ್ರೆ?”

“ಏನೂ ಇಲ್ಲ. ಚೆಂದವಾಗಿರುತ್ತೆ.”

“ಅದೂ ಒಂದು ಕೆಲಸವೇ. ನಾನು ಮಾಡಲ್ವಾ?”

“ನೀವು ಎರಡೂ ಮಾಡ್ತೀರಿ,” ಎಂದ ಥಟ್ಟನೆ. ಹೇಳಿದ ಮೇಲೆ ತಾನೇ ಗಾಬರಿಯಾಗಿ ಉಳಿದ ಪಟ್ಟಿಯನ್ನೆಲ್ಲ ಒಂದೇ ಗೇಣಿನಷ್ಟು ಜಾಗಕ್ಕೆ ಸುತ್ತಿಬಿಟ್ಟ.

ಹೀಗೆ ಎಂಟು ತಿಂಗಳು ಕಳೆಯಿತು. ಅಂಗಡಿಯ ಬಳ್ಳಿ ಕಂಬ ಹಿಡಿದು ಸೂರಿಗೆ ಒಂದು ಮೊಳ ಉಳಿಸಿತು. ಅವನ ಎಲೆ ಮಾತ್ರ ‘ಚೆನ್ನಾಗಿದೆ’ ಎಂಬಲ್ಲೇ ಇತ್ತು. ಅವಳು ಅವಸರಪಡಲಿಲ್ಲ. ಕೊಟ್ಟ ಮಾತಿಗೆ ತಪ್ಪುವವಳಲ್ಲ, ಮಾತು ತನಗೆ ತಾನೇ ಕೊಟ್ಟುಕೊಂಡಿದ್ದಾದರೂ.

ಒಂದು ಭಾನುವಾರ ಬೆಳಿಗ್ಗೆ ತಾನೇ ನೋಡಿಬರೋಣ ಎಂದು ನರ್ಸರಿಗೆ ಹೊರಟಳು. ಅವನಿರಲಿಲ್ಲ. ಗಿಡ ತಲುಪಿಸಲು ಹೋಗಿದ್ದಾನೆ, ಮಧ್ಯಾಹ್ನ ಬರುತ್ತಾನೆ ಎಂದಳು ಅವನ ಅಕ್ಕ. ದೊಡ್ಡ ದನಿಯ, ಮೊಣಕೈವರೆಗೆ ಮಣ್ಣಿನ ಹೆಂಗಸು. ಇವಳನ್ನು ಅವಳು ನೋಡಿದ್ದು ಇದೇ ಮೊದಲು.

ಕಿಟಕಿಯ ಬಳಿ ಅವನ ಕೆಲಸದ ಮೇಜು. ಮೇಜಿನ ಮೇಲೆ ಗಾಜಿನ ಲೋಟ, ತಿಳಿನೀರು, ನೀರಿನಲ್ಲಿ ನಾಲ್ಕು ಎಳೆ ಬೇರು. ಮೇಲೆ ಅವಳ ಎಲೆ. ಬಿಳಿ ಅರ್ಧದ ಅಂಚು ಕಂದು ಬಣ್ಣಕ್ಕೆ ತಿರುಗಿ ಸುರುಟಿಕೊಂಡಿತ್ತು.

“ಇದು ಯಾವಾಗ ಚಿಗುರುತ್ತೆ ಅಕ್ಕಾ?” ಎಂದಳು.

ಅಕ್ಕ ನಕ್ಕ ರಭಸಕ್ಕೆ ಕೈಯಲ್ಲಿದ್ದ ಕುಂಡ ಅಲುಗಿತು. “ಅದಾ? ಈ ಜನ್ಮದಲ್ಲಿಲ್ಲ ಕಣಮ್ಮ. ಗೆಣ್ಣೇ ಇಲ್ಲವಲ್ಲ!”

“ಗೆಣ್ಣು?”

“ಕಬ್ಬಿಗಿರುತ್ತಲ್ಲ, ಹಾಗೆ ಬಳ್ಳಿಗೂ ಗೆಣ್ಣು. ಚಿಗುರು ಮಲಗಿರೋದು ಅಲ್ಲಿ. ಗೆಣ್ಣು ಸಮೇತ ಕತ್ತರಿಸಿದ್ರೆ ಗಿಡ ಆಗುತ್ತೆ. ಬರೀ ಎಲೆ ಕಿತ್ರೆ ಬೇರು ಬಂದ್ರೂ ಬರಬಹುದು, ಬದುಕಿರುತ್ತೆ ಒಂದಷ್ಟು ದಿನ, ಅಷ್ಟೆ. ಯಾವಳೋ ಪುಣ್ಯಾತ್ಗಿತ್ತಿ ಕೊಟ್ಟಳಂತೆ. ನಮ್ಮವನು ದಿನಾ ಅದರ ನೀರು ಬದಲಾಯಿಸ್ತಾನೆ. ಎಸೆಯೋ ಅಂದ್ರೆ ನನ್ನನ್ನೇ ಎಸೆಯೋ ಥರ ನೋಡ್ತಾನೆ.”

ಪುಣ್ಯಾತ್ಗಿತ್ತಿಯ ಮುಖಕ್ಕೆ ರಕ್ತ ನುಗ್ಗಿತು.

“ಇದರಿಂದ ನನ್ನ ಕೆಲಸ ಕೆಟ್ಟಿದೆ,” ಎಂದು ಅಕ್ಕ ಮಾತು ಮುಂದುವರಿಸಿದಳು. “ಒಂದು ಹಗಲಿನ ದಾರಿಯಾಚೆ ಹೊಸ ತೋಟ ತಗೊಂಡಿದ್ದೀವಿ. ಅಲ್ಲೇ ಇದ್ದು ನೋಡ್ಕೊಳ್ಳೋ ಅಂತ ಆಗಿನಿಂದ ಹೇಳ್ತಿದ್ದೀನಿ. ಈ ಎಲೆ ಇರೋವರೆಗೂ ಇಲ್ಲಿರ್ತೀನಿ, ಎಲೆ ಹೋದ್ರೆ ನಾನೂ ಹೋಗ್ತೀನಿ ಅಂದ. ಹೋದ ವಾರ ಅಂಚು ಕಂದಿತು ನೋಡು, ಆ ದಿನದಿಂದ ಅವನಿಗೂ ಊಟ ಸೇರ್ತಿಲ್ಲ. ಇನ್ನು ಇದು ಉಳಿಯಲ್ಲ ಅಂತ ಅವನೇ ಅಂದ. ನಾಡಿದ್ದು ಹೊರಡ್ತಾನೆ.”

ಒಂದೇ ಎಲೆಯ ಮೇಲೆ ಎರಡು ಪಂತ. ಚಿಗುರಿದರೆ ಮಾತಾಡುತ್ತೇನೆಂದು ಇವಳು, ಸಾಯುವವರೆಗೆ ಇರುತ್ತೇನೆಂದು ಅವನು. ಎಲೆಗೆ ಚಿಗುರುವುದು ಗೊತ್ತಿರಲಿಲ್ಲ, ಸಾಯುವುದು ಮಾತ್ರ ಗೊತ್ತಿತ್ತು.

ಅವಳು ಹೇಗೆ ವಾಪಸು ಬಂದಳೋ, ರಜೆಯ ದಿನವೂ ಲೆನ್ಸು ಉಜ್ಜುತ್ತಿದ್ದ ಅಪ್ಪ ಬೆಚ್ಚುವಂತೆ ಅಂಗಡಿಯ ಬಾಗಿಲು ತೆರೆದಳು.

“ಎಂಟು ತಿಂಗಳು ಅಪ್ಪಾ! ಎಂಟು ತಿಂಗಳು ನನ್ನನ್ನ ಪೆದ್ದಿ ಮಾಡಿದ್ದಾರೆ. ಕೊಟ್ಟ ಕ್ಷಣಾನೇ ಗೊತ್ತಿತ್ತು ಅವರಿಗೆ, ಅದು ಚಿಗುರಲ್ಲ ಅಂತ. ಕಾಂಡದ ಗೆರೆ ತೋರಿಸಿದ್ರು, ಬೇರು ಬಂದಿದೆ ಅಂದ್ರು, ಗೆಣ್ಣಿನ ಸುದ್ದಿ ಮಾತ್ರ ಎತ್ತಲಿಲ್ಲ!”

ಅಪ್ಪ ಪೂರ್ತಿ ಕೇಳಿಸಿಕೊಂಡ. “ಅವನು ಸುಳ್ಳು ಹೇಳಿದ್ನಾ?”

“ಸುಳ್ಳು ಹೇಳಲಿಲ್ಲ. ನಿಜ ಹೇಳಲಿಲ್ಲ.”

“ನೀನು ಅವನ ಸ್ಕ್ರೂ ವಿಷಯ ಹೇಳಿದ್ಯಾ?”

ಅವಳು ಬಾಯಿ ತೆರೆದು ಮುಚ್ಚಿದಳು. ಅಂದು ಅವನು ಮುಚ್ಚಿದ್ದ ಹಾಗೇ.

“ನಾನು ಒಳಗೆ ಕೂತಿರ್ತೀನಿ ಅಷ್ಟೆ, ಕುರುಡನಲ್ಲ,” ಎಂದ ಅಪ್ಪ. “ಮೂವತ್ತು ಗುರುವಾರ ಗಟ್ಟಿಯಾಗಿದ್ದ ಸ್ಕ್ರೂ ಸಡಿಲ ಮಾಡ್ಕೊಂಡು ಬಂದ. ಮೂವತ್ತು ಗುರುವಾರ ನೀನು ಗೊತ್ತಿಲ್ಲದೋಳ ಹಾಗೆ ಬಿಗಿ ಮಾಡಿದೆ. ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಬರೋದು ನಿಲ್ಲಿಸ್ತಿದ್ರು.”

“ಹೂಂ,” ಎಂದು ಅಪ್ಪ ಲೆನ್ಸಿನ ಕಡೆ ತಿರುಗಿದ.

ಅವಳು ಸ್ಟೂಲಿನ ಮೇಲೆ ಕುಕ್ಕರಿಸಿದಳು. ಆಮೇಲೆ ನಗಲು ಶುರುಮಾಡಿದಳು. ನಗುನಗುತ್ತಲೇ ಕಣ್ಣೊರೆಸಿಕೊಂಡಳು. ತನ್ನ ಕೈಗುಣದ ಮೇಲೆ ಅಷ್ಟು ಭರವಸೆಯಿಂದ ಕೊಟ್ಟವಳಿಗೆ ‘ಇದು ಆಗಲ್ಲ’ ಎನ್ನಲು ಒಬ್ಬನಿಗೆ ಬಾಯಿ ಬರಲಿಲ್ಲ. ಆಗದ ಎಲೆಗೆ ದಿನವೂ ನೀರು ಬದಲಾಯಿಸಿದ. ಇದಕ್ಕಿಂತ ದೊಡ್ಡ ಚಿಗುರು ಇನ್ನೇನು ಬೇಕಿತ್ತು ತನಗೆ? ಅವನನ್ನು ಪ್ರೀತಿಸುತ್ತಿದ್ದಳು, ಅದು ಅವಳಿಗೆ ಮೂರನೇ ಗುರುವಾರದಿಂದಲೇ ಗೊತ್ತಿತ್ತು. ಸುಮ್ಮನೆ ಎಲೆಯ ಹೆಗಲ ಮೇಲೆ ಭಾರ ಹಾಕಿ ಕೂತಿದ್ದಳು.

ಎದ್ದು ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದಳು. ಕುರ್ಚಿ ಹತ್ತಿದಳು. ಈ ಸಲ ಎಲೆ ನೋಡಲಿಲ್ಲ, ಕಾಂಡ ನೋಡಿದಳು. ಬೆರಳಿನಿಂದ ತಡವುತ್ತಾ ಹೋದಳು. ಉಂಗುರದಂತೆ ಉಬ್ಬಿದ ಜಾಗ, ಅಲ್ಲೊಂದು ಗಾಳಿಬೇರು, ಅದರ ಎದುರಿಗೆ ಅಕ್ಕಿಕಾಳಿನಷ್ಟು ಮೊಗ್ಗು. ನಾಲ್ಕು ವರ್ಷದಿಂದ ಕಣ್ಣೆದುರೇ ಇತ್ತು.

“ತುದೀನೇ ಕತ್ತರಿಸ್ತೀಯಾ?” ಎಂದ ಅಪ್ಪ. “ಅಂಗಡಿ ಬೋಳಾಗುತ್ತೆ ಕಣೇ.”

“ಆಗಲಿ,” ಎಂದು ಎರಡು ಗೆಣ್ಣು ಕೆಳಗೆ ಕತ್ತರಿ ಹಾಕಿದಳು.

ಮಧ್ಯಾಹ್ನ ನರ್ಸರಿಯಲ್ಲಿ ಅವನು ಮೇಜಿನ ಸಾಮಾನುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಬಾಗಿಲಲ್ಲಿ ಎಲೆಗಳ ಛತ್ರಿಯೊಂದು ಕಂಡಿತು, ಛತ್ರಿಯ ಹಿಂದೆ ಅವಳು. ಕೈಯಲ್ಲಿದ್ದ ಕಸಿಚಾಕು ಅಲ್ಲೇ ನಿಂತಿತು.

“ಅಯ್ಯೋ, ತುದಿ ಯಾಕೆ ಕತ್ತರಿಸಿದ್ರಿ?”

“ಗೆಣ್ಣಿದೆಯಾ ನೋಡಿ ಹೇಳಿ.”

ಅವನು ಕಾಂಡ ನೋಡಿದ. ಲೋಟದಲ್ಲಿದ್ದ ಎಲೆ ನೋಡಿದ. ಮುಖ ಹುಳ್ಳಗಾಯಿತು. “ಗೊತ್ತಾಯ್ತಾ?”

“ಗೊತ್ತಾಯ್ತು. ಯಾಕೆ ಹೇಳಲಿಲ್ಲ?”

“ಅವತ್ತು ಅಷ್ಟು ಖುಷಿಯಿಂದ ಕೊಟ್ರಿ. ಅದಾದ ಮೇಲೆ ಪ್ರತಿ ವಾರ ಚಿಗುರಿತಾ ಅಂತ ಕೇಳ್ತಿದ್ರಿ.” ಅವನು ನೆಲ ನೋಡುತ್ತಾ ಹೇಳಿದ. “ಇಲ್ಲ, ಚಿಗುರಲ್ಲ ಅಂದಿದ್ರೆ ಮುಂದಿನ ವಾರ ಏನು ಕೇಳ್ತಿದ್ರಿ?”

“ಕನ್ನಡಕ ಕೊಡಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನ ಕೈ ಸ್ಕ್ರೂವಿನ ಕಡೆ ಹೋಯಿತು. “ಇವತ್ತು ಸಡಿಲ ಇಲ್ಲ.”

“ಇಲ್ಲ ಅಂತ ಗೊತ್ತು. ಇವತ್ತು ಭಾನುವಾರ. ನೀವು ಸಡಿಲ ಮಾಡೋದು ಗುರುವಾರ ಬೆಳಿಗ್ಗೆ, ಇದೇ ಚಾಕುವಿನಿಂದ.”

ಅವನ ಕಿವಿ ಮೊದಲ ದಿನದಂತೆ ಕೆಂಪಾಯಿತು. ಅವಳೇ ಕೈ ಚಾಚಿ ಕನ್ನಡಕ ತೆಗೆದುಕೊಂಡಳು. ಚೀಲದಿಂದ ಪುಟ್ಟ ಶೀಶೆ ತೆಗೆದು ಸ್ಕ್ರೂವಿನ ಮೇಲೆ ಒಂದು ಹನಿ ಅಂಟು ಬಿಟ್ಟು, ಕೊನೆಯ ಸುತ್ತು ತಿರುಗಿಸಿದಳು.

“ಇನ್ಮೇಲೆ ಇದು ಸಡಿಲ ಆಗಲ್ಲ. ನೆವ ಇಲ್ಲದೇ ಬರ್ಬೇಕು.” ಕನ್ನಡಕವನ್ನು ಅವನಿಗೆ ಹಾಕಿದಳು, ಕೈಗಳನ್ನು ಅವನ ಕಿವಿಗಳ ಬಳಿಯೇ ಬಿಟ್ಟಳು. “ಆ ಎಲೆ ಚಿಗುರಿದ ದಿನ ನಿಮಗೊಂದು ಮಾತು ಹೇಳ್ಬೇಕು ಅಂತಿದ್ದೆ. ಅದು ಚಿಗುರಲ್ಲ. ನಾನು ಕಾಯಲ್ಲ. ನೀವಂದ್ರೆ ನನಗೆ ಇಷ್ಟ. ಜೀವನಪೂರ್ತಿ ಜೊತೆಗಿರೋವಷ್ಟು ಇಷ್ಟ. ಅಳತೆ ಎರಡು ಸಲ ತಗೊಂಡಿದ್ದೀನಿ, ತಪ್ಪಿಲ್ಲ.”

ಅವನು ಕಸಿಚಾಕನ್ನು ಮೇಜಿನ ಮೇಲಿಟ್ಟ. “ಅವತ್ತು ಬಾಗಿಲಲ್ಲಿ ನಿಂತು ಗಿಡ ನೋಡಿದ್ದು ಯಾಕೆ ಗೊತ್ತಾ?” ಎಂದ. “ಹಳೇ ಕನ್ನಡಕದಲ್ಲೂ ನೀವು ಕಂಡಿದ್ರಿ. ನೇರವಾಗಿ ನೋಡೋಕೆ ಧೈರ್ಯ ಸಾಲಲಿಲ್ಲ. ಪಕ್ಕದಲ್ಲಿ ಏನಿದೆಯೋ ಅದನ್ನ ನೋಡಿದೆ.”

“ಈಗ?”

ಅವನು ನೋಡಿದ. ಎಡಗಣ್ಣು, ಬಲಗಣ್ಣು, ಎರಡೂ. “ನಾನೂ,” ಎಂದ. “ನನಗೂ ಅಷ್ಟೇ ಇಷ್ಟ. ಆದ್ರೆ ನಾಡಿದ್ದು ತೋಟಕ್ಕೆ…”

“ತೋಟಕ್ಕೆ ನಾನೇ ಹೋಗಿ ಸಾಯ್ತೀನಿ ಬಿಡ್ರಪ್ಪ,” ಎಂದಿತು ಕುಂಡಗಳ ಸಾಲಿನಾಚೆಯಿಂದ ದೊಡ್ಡ ದನಿ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಒಂದು ಕೆಲಸಕ್ಕೆ ಬಾರದ ಎಲೆಗೆ ಎಂಟು ತಿಂಗಳು ಕೂತೋನು, ಗೆಣ್ಣು ಸಮೇತ ಬಂದ್ಮೇಲೆ ಏಳ್ತಾನಾ? ಪುಣ್ಯಾತ್ಗಿತ್ತಿ ನೀನೇ ಅಂತ ಬೆಳಿಗ್ಗೆನೇ ಹೇಳ್ಬಾರ್ದಿತ್ತಾ ತಾಯಿ, ಇನ್ನಷ್ಟು ಬೈಯ್ತಿದ್ದೆ!”

ಇಬ್ಬರೂ ಸೇರಿ ತುದಿಯನ್ನು ಹೊಸ ಕುಂಡದಲ್ಲಿ ನೆಟ್ಟರು. ಲೋಟದ ಎಲೆಯನ್ನು ಎಸೆಯಲು ಅವಳು ಕೈ ಚಾಚಿದಾಗ ಅವನು ಲೋಟವನ್ನೇ ಎತ್ತಿಕೊಂಡ.

“ಇದು ಇರಲಿ,” ಎಂದ. “ತಾನಾಗಿ ಹೋಗೋವರೆಗೂ ನೀರು ಹಾಕ್ತೀನಿ.”

ಗುರುವಾರ ಅಂಗಡಿಯ ಬಾಗಿಲು ತೆರೆಯಿತು. ತಲೆ ನೀಟಾಗಿ ಬಾಚಿಕೊಂಡು ಬಂದಿದ್ದ.

“ಸ್ಕ್ರೂ ಸಡಿಲಾಯ್ತಾ?” ಎಂದಳು ತಲೆಯೆತ್ತದೆ.

“ಇಲ್ಲ.”

“ಮತ್ತೆ?”

“ಸುಮ್ನೆ ಬಂದೆ.”

ಐದು ಗುರುವಾರ ಹಾಗೇ ಸುಮ್ಮನೆ ಬಂದ. ಆರನೆಯದರಂದು ಅವಳು ಅವನನ್ನು ಕೈಹಿಡಿದು ಕಿಟಕಿಯ ಬಳಿಗೆ ಎಳೆದುಕೊಂಡು ಹೋದಳು. ಮೊಂಡಾಗಿ ನಿಂತಿದ್ದ ಬಳ್ಳಿಯಲ್ಲಿ, ಕತ್ತರಿಸಿದ ಜಾಗದ ಕೆಳಗಿನ ಗೆಣ್ಣಿನಿಂದ ಬೆರಳುದ್ದದ ಚಿಗುರು ಹೊರಟಿತ್ತು. ಸುರುಳಿ ಬಿಚ್ಚುತ್ತಿದ್ದ ಅದರ ಅಂಚಿನಲ್ಲಿ ಒಂದು ಬಿಳಿ ಗೆರೆ, ಒಂದು ಹಸಿರು ಗೆರೆ.

ಒಳಗಿನಿಂದ ಅಪ್ಪ ಕೂಗಿದ, “ಅಳಿಯಂದಿರಿಗೆ ನೀರು ಕೊಟ್ಯೇನೇ?”

“ಇಬ್ಬರಿಗೂ ಕೊಡ್ತೀನಿ ಇರಪ್ಪಾ!” ಎಂದು ಕೂಗಿ, ಚಿಗುರಿನ ಕಡೆ ಬೆರಳು ತೋರಿಸಿದಳು. “ನೋಡಿ ನೋಡಿ, ಹೇಗೆ ಬಂದಿದೆ!”

“ನೋಡ್ತಿದ್ದೀನಿ,” ಎಂದ ಅವನು.

ಅವಳು ತಿರುಗಿದಳು. ಅವನು ಗಿಡ ನೋಡುತ್ತಿರಲಿಲ್ಲ.